ಬ್ರಿಟನ್ನಿನ ವಿದ್ಯಾರ್ಥಿ ಸಾಲ: ಸಂಬಳ ಬಂದರೆ ಮಾತ್ರ ಕಂತು

ಇಂಗ್ಲೆಂಡಿನಲ್ಲಿ ಪದವಿ ಓದುವ ಸ್ಥಳೀಯ ವಿದ್ಯಾರ್ಥಿಗೆ ಸಾಲ ನೀಡುವುದು ಬ್ಯಾಂಕ್ ಅಲ್ಲ, ಸರ್ಕಾರ. ಅರ್ಜಿ ಪರಿಶೀಲನೆ, ಹಣ ಬಿಡುಗಡೆ ಹಾಗೂ ಸಾಲದ ಲೆಕ್ಕ ನಿರ್ವಹಣೆಯ ಹೊಣೆ ಗ್ಲಾಸ್ಗೋದಲ್ಲಿ ಕೇಂದ್ರ ಕಚೇರಿ ಹೊಂದಿರುವ ‘ಸ್ಟೂಡೆಂಟ್ ಲೋನ್ಸ್ ಕಂಪನಿ’ಯದು. ಹೆಸರಿನಲ್ಲಿ ಕಂಪನಿ ಎಂದಿದ್ದರೂ ಲಾಭ ಗಳಿಕೆ ಇದರ ಉದ್ದೇಶವಲ್ಲ. 1989ರಲ್ಲಿ ಸ್ಥಾಪನೆಯಾಗಿ 1990ರಿಂದ ಸಾಲ ವಿತರಿಸುತ್ತಿರುವ ಈ ಸಂಸ್ಥೆಯ ಒಡೆತನ ಬ್ರಿಟನ್ ಸರ್ಕಾರ ಹಾಗೂ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಆಡಳಿತಗಳದ್ದು.

ಹಣ ಎಲ್ಲಿಂದ?

ಸಂಸ್ಥೆಯು ಬ್ಯಾಂಕಿನಂತೆ ಠೇವಣಿ ಸಂಗ್ರಹಿಸುವುದಿಲ್ಲ. ಸಾಲದ ಹಣ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಬೋಧನಾ ಶುಲ್ಕದ ಸಾಲ ವಿದ್ಯಾರ್ಥಿಯ ಕೈ ಸೇರದೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಸಂದಾಯವಾಗುತ್ತದೆ. ಊಟ, ವಸತಿಯ ಸಾಲ ಮಾತ್ರ ವಿದ್ಯಾರ್ಥಿಯ ಖಾತೆಗೆ ಜಮೆಯಾಗುತ್ತದೆ. 2025-26ನೇ ಸಾಲಿನಲ್ಲಿ ಇಂಗ್ಲೆಂಡಿನ ಪದವಿ ಶುಲ್ಕದ ಗರಿಷ್ಠ ಮಿತಿ ವರ್ಷಕ್ಕೆ 9,535 ಪೌಂಡ್.

ಮರುಪಾವತಿ ಹೇಗೆ?

ಕಂತನ್ನು ನಿರ್ಧರಿಸುವುದು ಸಾಲದ ಮೊತ್ತವಲ್ಲ, ಗಳಿಕೆ. 2023ರ ಆಗಸ್ಟ್‌ನಿಂದೀಚೆಗೆ ಇಂಗ್ಲೆಂಡಿನಲ್ಲಿ ಪದವಿ ಸೇರಿದವರಿಗೆ ವಾರ್ಷಿಕ 25,000 ಪೌಂಡ್ ಮಿತಿ ನಿಗದಿಯಾಗಿದ್ದು, ಅದನ್ನು ಮೀರಿದ ಆದಾಯದ ಶೇ 9ರಷ್ಟು ಕಡಿತವಾಗುತ್ತದೆ. 30,000 ಪೌಂಡ್ ಸಂಬಳದವರು ಹೆಚ್ಚುವರಿ 5,000 ಪೌಂಡ್‌ಗೆ ವರ್ಷಕ್ಕೆ 450 ಪೌಂಡ್, ಅಂದರೆ ತಿಂಗಳಿಗೆ 37.50 ಪೌಂಡ್ ತೆರಬೇಕು. ಉದ್ಯೋಗದಾತರು ತೆರಿಗೆಯ ಜೊತೆಯಲ್ಲೇ ಈ ಮೊತ್ತವನ್ನು ಮುರಿದುಕೊಳ್ಳುತ್ತಾರೆ. ಕೆಲಸ ಹೋದರೆ ಕಡಿತವೂ ನಿಲ್ಲುತ್ತದೆ. ಆದರೆ ಹಣದುಬ್ಬರ ದರದ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ತೀರದ ಸಾಲ ಯಾರ ತಲೆಗೆ?

ನಲವತ್ತು ವರ್ಷಗಳ ನಂತರ ಉಳಿದ ಬಾಕಿ ಮನ್ನಾ ಆಗುತ್ತದೆ. ಅದರ ಹೊರೆ ತೆರಿಗೆದಾರರ ಮೇಲೆ. ಹಿಂತಿರುಗಿ ಬಾರದೆಂದು ಅಂದಾಜಿಸಿದ ಪಾಲನ್ನು ಸಾಲ ಕೊಡುವಾಗಲೇ ಸರ್ಕಾರಿ ವೆಚ್ಚವೆಂದು ತೋರಿಸಬೇಕೆಂದು 2018ರಲ್ಲಿ ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ತೀರ್ಮಾನಿಸಿತು. ಅದಕ್ಕೂ ಮುನ್ನ, 2017ರಲ್ಲಿ, ಸುಮಾರು 350 ಕೋಟಿ ಪೌಂಡ್ ಮುಖಬೆಲೆಯ ಹಳೆಯ ಸಾಲಗಳನ್ನು ಸರ್ಕಾರ 170 ಕೋಟಿ ಪೌಂಡ್‌ಗೆ ಹೂಡಿಕೆದಾರರಿಗೆ ಮಾರಿತ್ತು. ಇಂತಹ ಮಾರಾಟದ ಯೋಜನೆಯನ್ನು 2020ರಲ್ಲಿ ಕೈಬಿಡಲಾಯಿತು.

ಕನ್ನಡಿಗರಿಗೆ ಸಿಗುವುದೇ?

ವಿದ್ಯಾರ್ಥಿ ವೀಸಾದ ಮೇಲೆ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಅಲ್ಲಿಗೆ ತೆರಳುವವರಿಗೆ ಈ ಸಾಲ ಸಿಗದು. ಅವರಿಗೆ ಉಳಿಯುವುದು ಹೆಚ್ಚಾಗಿ ಮನೆಯ ಉಳಿತಾಯ, ವಿದ್ಯಾರ್ಥಿವೇತನ ಇಲ್ಲವೇ ಇಲ್ಲಿನ ಬ್ಯಾಂಕ್ ಸಾಲ. ಬ್ಯಾಂಕ್ ಸಾಲದಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿಯೂ ಸಹ ಸಾಲಗಾರರು. ವಿನಾಯಿತಿ ಅವಧಿ ಮುಗಿದೊಡನೆ, ಮಗನಿಗೋ ಮಗಳಿಗೋ ಕೆಲಸ ಸಿಗಲಿ ಬಿಡಲಿ, ಕಂತು ಆರಂಭವಾಗುತ್ತದೆ. ಒಂದೇ ತರಗತಿಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರ ನಷ್ಟಕ್ಕೆ ಸರ್ಕಾರ ಹೆಗಲು ಕೊಟ್ಟರೆ, ಇನ್ನೊಬ್ಬರದನ್ನು ಹೆತ್ತವರೇ ಹೊರಬೇಕು. ಅರ್ಜಿಗೆ ಸಹಿ ಹಾಕುವ ಮುನ್ನ ಪೋಷಕರು ಈ ವ್ಯತ್ಯಾಸವನ್ನು ಅರಿತಿರುವುದು ಒಳಿತು.