‘ಯಜಮಾನಿಕೆ’ಯ ರಷ್ಯನ್ ಮೂಲ

‘ಹೆಜೆಮನಿ’ ಎಂಬ ಶಬ್ದಕ್ಕೆ ಸಂವಾದಿಯಾಗಿ ನಮ್ಮ ವಿಮರ್ಶಕರು ‘ಯಜಮಾನಿಕೆ’ ಎಂಬ ಮಾತನ್ನು ಬಳಸುತ್ತಾರೆ. ಕೇಳಿದೊಡನೆ ಮನೆಯ ಹಿರಿಯನ ದರ್ಪ ನೆನಪಾಗುತ್ತದೆ. ಓದಿದವರಿಗೆ ಇಟಲಿಯ ಗ್ರಾಂಶಿಯ ಹೆಸರೂ ನೆನಪಾಗುತ್ತದೆ. ಆದರೆ ಗ್ರಾಂಶಿಗಿಂತ ಮೊದಲೇ ಈ ವಿಚಾರ ರಷ್ಯದ ಕ್ರಾಂತಿಕಾರಿಗಳಲ್ಲಿ ಬೆಳೆದಿತ್ತು. ಅಲ್ಲಿ ಅದರ ಅರ್ಥ ದರ್ಪವಾಗಿರಲಿಲ್ಲ.

ಶಬ್ದವೇನೋ ಗ್ರೀಕರದು. ಮಿತ್ರರಾಜ್ಯಗಳ ಕೂಟದಲ್ಲಿ ಒಂದು ನಗರ ವಹಿಸುತ್ತಿದ್ದ ಮುಂದಾಳುತನಕ್ಕೆ ಆ ಹೆಸರು. 1883ರಲ್ಲಿ ಜಿನೀವಾದಲ್ಲಿ ಪ್ಲೆಖಾನೊವ್, ಆಕ್ಸೆಲ್‌ರೋಡ್, ವೆರಾ ಜಾಸುಲಿಚ್ ಮೊದಲಾದ ದೇಶಭ್ರಷ್ಟರು ‘ಕಾರ್ಮಿಕ ವಿಮೋಚನಾ ಗುಂಪ’ನ್ನು ಕಟ್ಟಿದರು. ಅವರ ಮುಂದಿದ್ದ ತೊಡಕು ವಿಚಿತ್ರವಾದುದು. ಪಶ್ಚಿಮದಲ್ಲಿ ಅರಸೊತ್ತಿಗೆಯನ್ನು ಎದುರಿಸಿದ್ದ ಮಧ್ಯಮವರ್ಗ ರಷ್ಯದಲ್ಲಿ ಅಂಜುಬುರುಕವಾಗಿತ್ತು. ಕಾರ್ಮಿಕರೋ ರೈತಸಾಗರದ ನಡುವಿನ ಸಣ್ಣ ದ್ವೀಪ. ರಾಜಕೀಯ ಸ್ವಾತಂತ್ರ್ಯದ ಹೋರಾಟಕ್ಕೆ ಮುಂದಾಳುಗಳು ಯಾರು? ಈ ಕಾರ್ಮಿಕರೇ ಎಂದು ಪ್ಲೆಖಾನೊವ್ ಉತ್ತರಿಸಿದರು. ಆ ಉತ್ತರಕ್ಕೆ ‘ಹೆಜೆಮನಿ’ ಎಂಬ ಹೆಸರು ನೆಲೆನಿಂತದ್ದು ಶತಮಾನದ ಕೊನೆಗೆ, ವಿಶೇಷವಾಗಿ ಆಕ್ಸೆಲ್‌ರೋಡರ ಬರಹಗಳಲ್ಲಿ.

ಕಾರ್ಮಿಕನಿಗೆ ಕೂಲಿಯ ಚಿಂತೆ ಸಾಕು, ರಾಜಕೀಯ ಏಕೆ ಎನ್ನುವವರೂ ಅಂದು ಇದ್ದರು. ಅವರಿಗೆ ಬಂದ ಉತ್ತರದಲ್ಲಿ ಈ ಪರಿಕಲ್ಪನೆಯ ಜೀವಾಳವಿದೆ. ಪ್ರತಿಭಟಿಸಿದ ತಪ್ಪಿಗೆ ಕೀವ್ ವಿಶ್ವವಿದ್ಯಾನಿಲಯದ 183 ಮಂದಿ ವಿದ್ಯಾರ್ಥಿಗಳನ್ನು ಸರ್ಕಾರ ಬಲವಂತವಾಗಿ ಸೈನ್ಯಕ್ಕೆ ತಳ್ಳಿತು. ವಿದ್ಯಾರ್ಥಿಗಳಲ್ಲಿ ಬಹುಮಂದಿ ಉಳ್ಳವರ ಮಕ್ಕಳು. ಆದರೂ 1901ರಲ್ಲಿ ಲೆನಿನ್ ‘ಇಸ್ಕ್ರಾ’ ಪತ್ರಿಕೆಯಲ್ಲಿ ಬರೆದು, ಕಾರ್ಮಿಕರು ಅವರ ನೆರವಿಗೆ ಧಾವಿಸಬೇಕೆಂದು ಒತ್ತಾಯಿಸಿದರು. ಅನ್ಯಾಯ ಯಾವ ವರ್ಗದ ಮೇಲೆ ನಡೆದರೂ ಕಾರ್ಮಿಕ ಅದಕ್ಕೆ ಮಿಡಿಯಬೇಕು ಎಂಬುದು ಮರುವರ್ಷ ಬಂದ ‘ಏನು ಮಾಡಬೇಕು?’ ಕೃತಿಯ ವಾದವೂ ಹೌದು. ಪರರ ನೋವನ್ನು ತನ್ನದಾಗಿಸಿಕೊಂಡವನಿಗೆ ಮಾತ್ರ ಮುಂದಾಳುತನದ ಅರ್ಹತೆ. ಯಜಮಾನನೆಂದರೆ ಮೂಲದಲ್ಲಿ ಯಾಗದ ಹೊಣೆಯನ್ನೂ ವೆಚ್ಚವನ್ನೂ ಹೊತ್ತವನಲ್ಲವೇ? ಹಾಗೆ ನೋಡಿದರೆ ನಮ್ಮ ಅನುವಾದ ಅಷ್ಟೇನೂ ತಪ್ಪಲ್ಲ.

ಆದರೆ ಪರರ ಪರವಾಗಿ ಮಾತನಾಡುವವನು ಅವರ ಬಾಯನ್ನೇ ಮುಚ್ಚಿಸುವ ಅಪಾಯ ಇದರೊಳಗೇ ಇತ್ತೆಂದು ನನ್ನ ಭಾವನೆ. 1917ರಲ್ಲಿ ಲೆನಿನರ ಪಕ್ಷ ಅಧಿಕಾರಕ್ಕೆ ಬಂದಿತು. ಮರುವರ್ಷದ ಜನವರಿಯಲ್ಲಿ, ಜನರು ಚುನಾಯಿಸಿದ್ದ ಸಂವಿಧಾನ ಸಭೆಯನ್ನು ಒಂದೇ ಅಧಿವೇಶನದ ತರುವಾಯ ಚದರಿಸಿತು.

ಗ್ರಾಂಶಿ 1922ರಲ್ಲಿ ಮಾಸ್ಕೋಗೆ ಬಂದಾಗ ಈ ಶಬ್ದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಕೂಟದ ನಿತ್ಯದ ಮಾತಾಗಿತ್ತು. ಅದನ್ನು ಅವರು ತಿರುಗಿಸಿ ಹಿಡಿದರು: ಆಳುವವರು ಆಳಿಸಿಕೊಳ್ಳುವವರ ಒಪ್ಪಿಗೆಯನ್ನು ಹೇಗೆ ಗಳಿಸುತ್ತಾರೆ ಎಂದು ಕೇಳಿದರು. ಮುಸೊಲಿನಿಯ ಸೆರೆಮನೆಯಲ್ಲಿ ಆ ಟಿಪ್ಪಣಿಗಳನ್ನು ಅವರು ಆರಂಭಿಸಿದ್ದು 1929ರಲ್ಲಿ. ಹೊಸ ರಷ್ಯದ ಆಳ್ವಿಕೆಯನ್ನು ಕೊನೆಯವರೆಗೂ ವಿರೋಧಿಸಿದ ಆಕ್ಸೆಲ್‌ರೋಡ್, ಅದರ ಹಿಂದಿನ ವರ್ಷವಷ್ಟೇ ಬರ್ಲಿನ್ನಿನಲ್ಲಿ ದೇಶಭ್ರಷ್ಟರಾಗಿಯೇ ತೀರಿಕೊಂಡಿದ್ದರು.