ಇರುವೆಯ ಹುಳಿ ಸಿಕ್ಕ ಬಗೆ

ಮಚ್ಛೆಯಿಂದ ಖಾನಾಪುರದ ರಸ್ತೆ ಹಿಡಿದು, ಲೋಂಡಾ ದಾಟಿ ರಾಮನಗರಕ್ಕೆ ಬಂದರೆ ಜೋಯಿಡಾದ ಕಾಡು ಶುರು. ಆ ಸೀಮೆಯ ಸಿದ್ದಿಗಳ ಮನೆಯಲ್ಲಿ ಕೆಂಪಿರುವೆ ಚಟ್ನಿ ಹೊಸತಲ್ಲ. ಮಲೆನಾಡಿನವರು ಇದೇ ಇರುವೆಯನ್ನು ಚಗಳಿ ಅನ್ನುತ್ತಾರೆ. ಎಲೆ ಹೊಲಿದು ಮರದಲ್ಲಿ ಗೂಡು ಕಟ್ಟುವ ಜಾತಿ. ಉಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಅರೆದರೆ, ಹುಣಸೆಹಣ್ಣು ಹಾಕದಿದ್ದರೂ ಚಟ್ನಿ ಹುಳಿಯೇ.

ಆ ಹುಳಿ ಏನೆಂದು ವಿದ್ವಾಂಸರ ಗಮನಕ್ಕೆ ಬಂದದ್ದು ನಾಲಿಗೆಯಿಂದಲ್ಲ, ಹೂವಿನಿಂದ. ಇರುವೆ ಗೂಡಿಗೆ ಬಿದ್ದ ನೀಲಿ ಚಿಕೋರಿ ಹೂ ಕೆಂಪಾಗುತ್ತದೆ ಎಂಬ ಸುದ್ದಿ ಇಂಗ್ಲೆಂಡಿನ ಜಾನ್ ರೇಗೆ ಮುಟ್ಟಿತ್ತು. ಸ್ಯಾಮ್ಯುಯೆಲ್ ಫಿಶರ್ ಎಂಬವನು ಇರುವೆಗಳನ್ನೇ ಭಟ್ಟಿ ಇಳಿಸಿದ. ಬಂದ ರಸ ವಿನಿಗರಿನ ಹಾಗಿತ್ತು, ಹೂವನ್ನೂ ಅದರಂತೆಯೇ ಕೆಂಪಾಗಿಸಿತು. ಇದನ್ನೆಲ್ಲ ರೇ ಪತ್ರದಲ್ಲಿ ಬರೆದ. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಅಚ್ಚುಹಾಕಿತು. 1670ರ ಆಸುಪಾಸಿನ ಮಾತು. ಬಾಯಿಗಿಟ್ಟು ನೋಡಿದ್ದರೆ ಹೂವಿನ ಹಂಗೇ ಇರುತ್ತಿರಲಿಲ್ಲ!

1749ರಲ್ಲಿ ಬರ್ಲಿನ್ನಿನ ಮಾರ್ಗ್ರಾಫ್ ಅದನ್ನು ಶುದ್ಧಗೊಳಿಸಿ, ಇದು ವಿನಿಗರಿನ ಆಮ್ಲವಲ್ಲ, ಬೇರೆಯದೇ ಎಂದು ತೋರಿಸಿದ. ಅದೇ ಫಾರ್ಮಿಕ್ ಆಮ್ಲ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಬರ್ತೆಲೊ ಕಾರ್ಬನ್ ಮೊನಾಕ್ಸೈಡಿನಿಂದಲೇ ಅದನ್ನು ಮಾಡಿದ ಮೇಲೆ ಇರುವೆಗಳು ಬಚಾವಾದವು. ಸುಳ್ಯದ ಕಡೆಯ ರಬ್ಬರ್ ಬೆಳೆಗಾರರು ಹಾಲು ಹೆಪ್ಪುಗಟ್ಟಲು ಹಾಕುವ ಆಸಿಡ್ಡೂ ಇದೇ. ಚಗಳಿ ಕುಟುಕುವುದಿಲ್ಲ, ಕಚ್ಚಿದ ಜಾಗಕ್ಕೆ ಹೊಟ್ಟೆಯ ತುದಿಯಿಂದ ಆಮ್ಲ ಚಿಮ್ಮಿಸುತ್ತದೆ. ಉರಿಯೂ ಅದರಿಂದ, ರುಚಿಯೂ ಅದರಿಂದ.

ಹುಳಿಯೊಂದೇ ರುಚಿಯೇ? ಇದಕ್ಕೆ ಉತ್ತರ ತೀರಾ ಈಚಿನದು. 2023ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದ ಚಾಂಗ್‌ಚಿ ಲಿಯು ಮತ್ತು ಸಂಗಡಿಗರು ತಿನ್ನುವ ಇರುವೆಗಳ ಪರಿಮಳದ ಅಣುಗಳನ್ನು ಬೇರ್ಪಡಿಸಿ ನೋಡಿದರು. ಕಪ್ಪಿರುವೆಯಲ್ಲಿ ವಿನಿಗರಿನ ಘಾಟು. ಮೆಕ್ಸಿಕೋದ ಚಿಕತಾನಾ ಇರುವೆಯಲ್ಲಿ ಫಾರ್ಮಿಕ್ ಆಮ್ಲವೇ ಇಲ್ಲ, ಗೋಡಂಬಿ ಬಾದಾಮಿಗಳ ಜಾತಿಯ ಜಿಡ್ಡಿನ ಪರಿಮಳ. ನಮ್ಮ ಚಗಳಿಯ ಬಳಗದಲ್ಲಿ ಹುರಿದ ಬೀಜದ, ಕಂದಿಸಿದ ಸಕ್ಕರೆಯ ವಾಸನೆ. ಇರುವೆಯೆಂದರೆ ಒಂದೇ ರುಚಿ ಎನ್ನುವುದು ತಿನ್ನದವರ ಮಾತು, ಅಷ್ಟೆ.

ಫಾರ್ಮಿಕ್ ಆಮ್ಲ ಕುದಿಯುವುದು ಸುಮಾರು 101 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ಕಾದ ಬಾಣಲೆಯಲ್ಲಿ ಇರುವೆಯನ್ನು ಬಹಳ ಹೊತ್ತು ಹುರಿದರೆ ಹುಳಿ ಆವಿಯಾಗಿ ಹೋಗುತ್ತದೆ, ಬೀಜದ ಘಮ ಮಾತ್ರ ಉಳಿಯುತ್ತದೆ.