ವಾಸಿಯಾಗದ ಬೇನೆಗೂ ಶುಶ್ರೂಷೆಯುಂಟು

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ, ಹಿರೋಳ್ಳಿ ಎಂಬ ಗ್ರಾಮವಿದೆ. ತೊಗರಿ ಜೋಳಗಳ ಈ ಸೀಮೆಯಲ್ಲಿ ವೃದ್ಧರಾದ ತಾಯಿಗೋ ತಂದೆಗೋ ವಾಸಿಯಾಗದ ಬೇನೆ ತಗುಲಿತೆಂದರೆ ಆರೈಕೆಯ ಭಾರವೆಲ್ಲ ಮನೆಯವರ ಮೇಲೆಯೇ ಬೀಳುವುದು. ವೈದ್ಯರು “ಇನ್ನು ಗುಣವಾಗದು” ಎಂದೊಡನೆ, ಮಾಡಬೇಕಾದುದೇನೂ ಉಳಿದಿಲ್ಲವೆಂದು ಜನರು ತಿಳಿಯುವರು. ಆದರೆ ರೋಗ ಗುಣವಾಗದಿರುವುದು ಬೇರೆ, ನೋವು ಶಮನವಾಗದಿರುವುದು ಬೇರೆ. ಈ ಭೇದವನ್ನರಿತು ಬೆಳೆದ ವೈದ್ಯಶಾಖೆಯೇ ಉಪಶಾಮಕ ಶುಶ್ರೂಷೆ. ಆಸ್ಪತ್ರೆಗಳಲ್ಲಿ ಇದನ್ನು ಪ್ಯಾಲಿಯೇಟಿವ್ ಕೇರ್ ಎನ್ನುವರು. ಲ್ಯಾಟಿನ್ ಭಾಷೆಯ ‘ಪ್ಯಾಲಿಯಮ್’ ಎಂಬ ಪದಕ್ಕೆ ಮೇಲುಹೊದಿಕೆ ಎಂದರ್ಥ. ಚಳಿಯನ್ನು ನಿಲ್ಲಿಸಲಾರೆವಾದರೂ ಕಂಬಳಿಯನ್ನು ಹೊದಿಸಬಲ್ಲೆವಷ್ಟೆ!

ದಾದಿಯಾಗಿದ್ದು ಮುಂದೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದರು. ನೋವು ಮರುಕಳಿಸಿದ ಮೇಲೆ ಔಷಧ ಕೊಡುವುದಕ್ಕಿಂತ, ಮರುಕಳಿಸುವ ಮೊದಲೇ ಕ್ರಮವಾಗಿ ಕೊಡುವುದು ಮೇಲೆಂದು ಅವರು ತೋರಿಸಿಕೊಟ್ಟರು.

ಇದರ ತತ್ತ್ವವೇನು? ದೇಹದ ಪೆಟ್ಟಾದ ಭಾಗದಿಂದ ಹೊರಟ ಸಂದೇಶವು ನರಗಳ ಮೂಲಕ ಬೆನ್ನುಹುರಿಯನ್ನು ಸೇರಿ, ಅಲ್ಲಿಂದ ಮಿದುಳನ್ನು ಮುಟ್ಟಿದಾಗ ನೋವಿನ ಅರಿವಾಗುವುದು. ಅಫೀಮಿನಿಂದ ದೊರೆಯುವ ಮಾರ್ಫಿನ್, ಬೆನ್ನುಹುರಿ ಮಿದುಳುಗಳಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ಈ ಸಂದೇಶವನ್ನು ಕುಗ್ಗಿಸುತ್ತದೆ. ಈ ಗ್ರಾಹಕಗಳ ಇರವು 1973ರಲ್ಲಿ ಸಿದ್ಧವಾಯಿತು. ಸಾಮಾನ್ಯ ಮಾರ್ಫಿನ್ ಗುಳಿಗೆಯ ಪ್ರಭಾವ ಸುಮಾರು 4 ಗಂಟೆಗಳ ಕಾಲ ನಿಲ್ಲುವುದು. ಆದುದರಿಂದಲೇ ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ನೋವಿನ ಮೆಟ್ಟಿಲಿಗೆ ತಕ್ಕಂತೆ ಔಷಧ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಸೂಚಿಸಿತು. ಇದರಿಂದ ಚಟ ಹತ್ತುವುದೆಂಬ ಭಯ ಬಹಳ. ವೈದ್ಯರು ನೋವನ್ನಳೆದು ಕೊಟ್ಟಾಗ ಹಾಗಾಗುವುದು ವಿರಳ. ಮಲಬದ್ಧತೆಯಂತೂ ಸಾಮಾನ್ಯ, ಅದಕ್ಕೆ ಜೊತೆಯಲ್ಲಿಯೇ ಬೇರೆ ಔಷಧ ಕೊಡುವರು.

ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯಿದೆಯ ಕಟ್ಟುನಿಟ್ಟಿನಿಂದ ಆಸ್ಪತ್ರೆಗಳಿಗೂ ಮಾರ್ಫಿನ್ ದುರ್ಲಭವಾಗಿತ್ತು. 2014ರ ತಿದ್ದುಪಡಿ ಅದನ್ನು ಸುಗಮಗೊಳಿಸಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಆರಂಭವಾದ ಚಿಕಿತ್ಸಾಲಯವು, ನೆರೆಹೊರೆಯವರೇ ತರಬೇತಿ ಪಡೆದು ರೋಗಿಯ ಮನೆಗೆ ಹೋಗುವ ಪದ್ಧತಿಗೆ ನಾಂದಿಯಾಯಿತು. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಹಿರೋಳ್ಳಿಯವರಿಗಾದರೋ ಬೆಂಗಳೂರು ಬಹುದೂರ. ಅವರಿಗೆ ಸಮೀಪದವು ಕಲಬುರಗಿಯ ಜಿಲ್ಲಾ ಆಸ್ಪತ್ರೆ ಮತ್ತು ಅಲ್ಲಿರುವ ಕಿದ್ವಾಯಿ ಸಂಸ್ಥೆಯ ಶಾಖೆ. ಉಪಶಾಮಕ ಶುಶ್ರೂಷೆ ಕ್ಯಾನ್ಸರಿಗೆ ಮಾತ್ರವಲ್ಲ. ಬಲಗುಂದಿದ ಹೃದಯ, ಶ್ವಾಸಕೋಶದ ದೀರ್ಘ ರೋಗ, ಪಾರ್ಶ್ವವಾಯು, ಮರೆಗುಳಿತನಗಳಿಗೂ ಸಲ್ಲುವುದು.

ಈ ನೆರವನ್ನು ಅರಸುವ ಕೆಲಸದಲ್ಲಿ ಓದುಬಲ್ಲ ಮಗ ಮಗಳು ಮೊಮ್ಮಕ್ಕಳ ಪಾತ್ರ ದೊಡ್ಡದು. ನೋವು ಯಾವಾಗ ಏಳುವುದು, ಸೊನ್ನೆಯಿಂದ 10ರೊಳಗೆ ಎಷ್ಟು, ನಿದ್ರೆ ಊಟ ಹೇಗೆ ಎಂಬುದನ್ನು ದಿನವೂ ಬರೆದಿಡಬೇಕು. ರೋಗಿ ನಡೆಯಲಾರದಿದ್ದರೆ, ಈ ಬರಹವನ್ನೂ ಹಳೆಯ ಚೀಟಿಗಳನ್ನೂ ತೆಗೆದುಕೊಂಡು ಮನೆಯವರೊಬ್ಬರು ಆಸ್ಪತ್ರೆಗೆ ಹೋಗಿ ವಿಚಾರಿಸಬಹುದು. ಮನೆಭೇಟಿಯ ಏರ್ಪಾಡಿದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯಲ್ಲಿಯೂ ಕೇಳಬೇಕು. ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹಾಸಿಗೆಹುಣ್ಣು ತಪ್ಪುವ ಸಂಭವ ಹೆಚ್ಚು. ರಾತ್ರಿಯಿಡೀ ಎಚ್ಚರವಿದ್ದು ಈ ಕೆಲಸ ಮಾಡುವವರು ಸಾಮಾನ್ಯವಾಗಿ ಮನೆಯ ಹೆಂಗಸರೇ. ಸರದಿಯಂತೆ ಅವರಿಗೆ ವಿಶ್ರಾಂತಿ ಕೊಡುವುದೂ ಈ ಶುಶ್ರೂಷೆಯ ಅಂಗವೇ ಆಗಿದೆ.

ಮುಪ್ಪನ್ನೂ ಮರಣವನ್ನೂ ವಿಜ್ಞಾನ ಗೆದ್ದಿಲ್ಲ. ಆದರೆ ನರಳಾಟದ ಬಹುಭಾಗವನ್ನು ತಗ್ಗಿಸುವ ಮಾರ್ಗವನ್ನು ಅದು ಕಂಡುಕೊಂಡಿದೆ. ಆ ಮಾರ್ಗ ಉಂಟೆಂದು ಅರಿತು ಕೇಳುವುದು ನಮ್ಮೆಲ್ಲರ ಹೊಣೆ.